ಮೂರು ತಿಂಗಳು ತುಂಬುವವರೆಗೆ

ಜೂನ್ 12, ಗುರುವಾರ
ಹಾಲು ಒಲೆಗಿಟ್ಟು ಗೋಡೆಗೆ ಒರಗಿದ್ದಷ್ಟೇ ನೆನಪು. ಉಕ್ಕಿ ಸೀದ ವಾಸನೆಗೆ ಎಚ್ಚರ. ರಾತ್ರಿ ಒಂಬತ್ತಕ್ಕೇ ಮಲಗಿದ್ದೆ. ಎಷ್ಟು ಮಲಗಿದರೂ ಈ ಸುಸ್ತು ಇಳಿಯುವುದಿಲ್ಲ. ಅತ್ತೆ ಒಲೆ ಒರೆಸುತ್ತಾ, 'ಹೋಗು, ಒಂದು ಗಳಿಗೆ ಮಲಕ್ಕೋ' ಅಂದರು. ಹಿಂದೆಯೇ, 'ಮೂರು ತಿಂಗಳು ತುಂಬೋವರೆಗೂ ಹೊರಗೆ ಬಾಯಿ ಬಿಡಬೇಡಮ್ಮ, ದೃಷ್ಟಿಯಾಗುತ್ತೆ.'
ಈಗ ಏಳನೇ ವಾರ.

ಜೂನ್ 14, ಶನಿವಾರ
ತಿಪಟೂರಿಂದ ಬಸ್ಸು ತುಂಬಿಯೇ ಹೊರಟಿತು. ಕಂಬಿ ಹಿಡಿದು ನಿಂತೆ. ಹೊಟ್ಟೆ ಕಾಣುವವರಿಗಾದರೆ ಯಾರಾದರೂ ಎದ್ದು ಜಾಗ ಕೊಡುತ್ತಾರೆ. ನಾನು ಸೀಟು ಕೇಳಬೇಕೆಂದರೆ ಯಾಕೆಂದು ಹೇಳಬೇಕು. ಹೇಳುವ ಹಾಗಿಲ್ಲ.

ಜೂನ್ 17, ಮಂಗಳವಾರ, ಮಧ್ಯಾಹ್ನ 3
ಶಾಲೆಯ ನಲಿ-ಕಲಿ ಕೊಠಡಿ. ದಿನವಿಡೀ ಮಕ್ಕಳ ಜೊತೆ ನೆಲದ ಮೇಲೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗಲು ಪ್ರತಿ ಸಲ ಕೈಯೂರಿ ಏಳಬೇಕು. ಬೆಳಿಗ್ಗೆಯ ರಾಗಿ ಮಾಲ್ಟು ಒಂದು ಲೋಟ ಹೊಟ್ಟೆಯಲ್ಲಿ ನಿಂತಿತು. ಮಧ್ಯಾಹ್ನ ಮೊಟ್ಟೆ ಸುಲಿಯುವಾಗ ಹೊರಗೆ ಓಡಿದೆ. ಒಂದನೇ ಕ್ಲಾಸಿನ ಹುಡುಗಿ ಹಿಂದೆಯೇ ನೀರು ತಂದಳು. 'ಮಿಸ್, ಜ್ವರಾನಾ?' ಹೂಂ ಅಂದೆ.
ಸ್ಟಾಫ್ ರೂಮಿನಲ್ಲಿ ಒಬ್ಬರು, 'ಬೇಸಿಗೆ ರಜೆ ಸಾಲಲಿಲ್ವಾ ಮೇಡಂ, ಬರೀ ಆಕಳಿಸ್ತೀರಿ' ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯಿತು. ಇನ್ನೂ ಉರಿಯುತ್ತಿದೆ.

ಜೂನ್ 20, ಶುಕ್ರವಾರ
ರಕ್ತದ ರಿಪೋರ್ಟು ಬಂತು. ಹಿಮೋಗ್ಲೋಬಿನ್ 10.4. ಬಸುರಿಯರಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಥೈರಾಯ್ಡ್ ಸರಿಯಿದೆ. 'ರಕ್ತ ಕಡಿಮೆ ಇರೋದೂ ಒಂದು ಕಾರಣ, ಆದರೆ ಅದೊಂದೇ ಅಲ್ಲ' ಎಂದರು ಡಾಕ್ಟರಮ್ಮ. ಪ್ರೊಜೆಸ್ಟರಾನ್ ಏರಿದೆ, ಅದು ನಿದ್ದೆ ತರಿಸುತ್ತದೆ. ಮಾಸು ಬೆಳೆಯುತ್ತಿದೆ, ಮೈಯಲ್ಲಿ ರಕ್ತ ಹೆಚ್ಚಬೇಕು. ಮೂರು ತಿಂಗಳು ಕಳೆದ ಮೇಲೆ ಹೆಚ್ಚಿನವರಿಗೆ ಹಗುರಾಗುತ್ತದಂತೆ. ಈಗ ಫೋಲಿಕ್ ಆಸಿಡ್, ವಾಕರಿಕೆ ಇಳಿದ ಮೇಲೆ ಕಬ್ಬಿಣದ ಮಾತ್ರೆ. ಊಟದ ಜೊತೆ ಕಾಫಿ, ಟೀ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಬೇಕು.
ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ನಾನು ಸೋಮಾರಿಯಾಗಿಲ್ಲ ಎಂದು ಕಾಗದವೇ ಹೇಳುತ್ತಿದೆ.

ಜೂನ್ 23, ಸೋಮವಾರ, ರಾತ್ರಿ
ಇವರು ಪಾತ್ರೆ ತೊಳೆದರು. ನಾನು ಮಲಗಿಕೊಂಡೇ ಅಮ್ಮನಿಗೆ ಫೋನ್ ಮಾಡಿದೆ.
'ನೀನು ಹೊಟ್ಟೇಲಿದ್ದಾಗ ರಾಗಿ ಹೊಲದಲ್ಲಿ ಕಳೆ ಕೀಳ್ತಿದ್ದೆ ಕಣೆ.'
'ಸುಸ್ತಾಗ್ತಿರಲಿಲ್ವಾ?'
'ಆಗ್ತಿತ್ತು. ಯಾರಿಗೆ ಹೇಳೋದು?'
ಫೋನಿಟ್ಟ ಮೇಲೂ ಅದೇ ಮಾತು ತಲೆಯಲ್ಲಿ.

ಜೂನ್ 27, ಶುಕ್ರವಾರ, ಬೆಳಿಗ್ಗೆ
ಇವತ್ತು ತಾನಾಗಿಯೇ ಎಚ್ಚರವಾಯಿತು. ವಾಕರಿಕೆ ಇಲ್ಲ, ಮೈ ಹಗುರ. ಖುಷಿಯಾಗಬೇಕಿತ್ತು, ಭಯವಾಯಿತು. ಒಳಗೆ ಎಲ್ಲ ಸರಿಯಿದೆಯಾ? ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಹೊಟ್ಟೆನೋವು, ರಕ್ತಸ್ರಾವ ಇಲ್ಲವಲ್ಲ, ದಿನ ಒಂದೇ ಥರ ಇರೋದಿಲ್ಲ ಅಂದರು. ನಂಬಿದೆ. ಪೂರ್ತಿ ನಂಬಲಿಲ್ಲ.

ಸಂಜೆ
ಬಸ್ಸಿನಲ್ಲಿ ಕಣ್ಣು ತಾವಾಗಿಯೇ ಮುಚ್ಚಿಕೊಂಡವು, ನನ್ನ ಸ್ಟಾಪು ದಾಟಿಹೋಯಿತು. ಹಿಂದಕ್ಕೆ ನಡೆದು ಬರುವಾಗ ಕಾಲು ಎಳೆಯುತ್ತಿತ್ತು. ಎಂಥ ಸಮಾಧಾನ!

ಜೂನ್ 30, ಸೋಮವಾರ
ಎಚ್‌ಎಂ ಮೇಡಂಗೆ ಹೇಳಿಬಿಟ್ಟೆ. ನೆಲದ ಮೇಲೆ ಕೂತು ಏಳೋದು ಆಗ್ತಿಲ್ಲ, ಒಂದು ಕುರ್ಚಿ ಬೇಕು ಎಂದೆ. ಅವರು ನನ್ನ ಮುಖ ನೋಡಿ, 'ಎಷ್ಟು ವಾರ?' ಎಂದಷ್ಟೇ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಕೊಠಡಿಗೆ ಕುರ್ಚಿ ಬಂತು. ಮಕ್ಕಳು ಕಾರ್ಡು ಹಿಡಿದು ನನ್ನ ಸುತ್ತ ಬಂದು ಕೂತರು.
ಅತ್ತೆಗೆ ಇದನ್ನು ಹೇಳಿಲ್ಲ. ಅವರದು ನನ್ನ ಮೇಲಿನ ಅಕ್ಕರೆಯೇ, ಗೊತ್ತು. ಹೇಳಿದರೆ ನೊಂದುಕೊಳ್ಳುತ್ತಾರೆ, ಹೇಳದಿದ್ದರೆ ಯಾರಿಂದಲೋ ತಿಳಿಯುತ್ತದೆ. ಯೋಚಿಸುವಷ್ಟು ತ್ರಾಣ ಇವತ್ತಿಲ್ಲ. ಕುರ್ಚಿಯಂತೂ ನಾಳೆಯೂ ಬೇಕು.