ಹನ್ನೆರಡು ವೋಲ್ಟಿನ ಲೆಕ್ಕ

2021ರ ಜೂನ್ ಕೊನೆಯಲ್ಲಿ ಎರಡನೇ ಲಾಕ್‌ಡೌನ್ ಸಡಿಲವಾಗುತ್ತಿದ್ದಂತೆ ಬೆಂಗಳೂರಿನಲ್ಲಿ ಮದುವೆಗಳು ಒಂದರ ಮೇಲೊಂದು ಬಿದ್ದವು. ಜುಲೈ ಎರಡನೇ ವಾರಕ್ಕೆ ಆಷಾಢ. ಅದರೊಳಗೆ ಅಕ್ಷತೆ ಬಿದ್ದುಬಿಡಲಿ ಅಂತ ಎಲ್ಲರಿಗೂ ಅವಸರ. ಛತ್ರದಲ್ಲಿ ಎಷ್ಟು ಜನ ಸೇರಬಹುದು ಅನ್ನುವುದಕ್ಕೆ ಸರ್ಕಾರದ ಮಿತಿ ಇತ್ತು. ಅಜ್ಜಿ-ತಾತಂದಿರು ಮನೆಯಲ್ಲೇ ಉಳಿದರು, ಹೊರದೇಶದಲ್ಲಿದ್ದವರಿಗೆ ಬರಲಾಗಲಿಲ್ಲ. ಬಹಳ ಜನರ ಪಾಲಿಗೆ ಆ ವರ್ಷ ವಿಡಿಯೊನೇ ಮದುವೆ.

ನಾನು ಚಾಮರಾಜಪೇಟೆಯ ಹಳೇ ಮನೆಯೊಂದರ ಮುಂದಿನ ಕೋಣೆಯಲ್ಲಿ ಕೂತು ವಿಡಿಯೊ ಎಡಿಟ್ ಮಾಡುವವನು. ಗಾಯನ ಸಮಾಜದಲ್ಲಿ ಕಚೇರಿ, ಮಲ್ಲೇಶ್ವರದ ಸೇವಾಸದನದಲ್ಲಿ ರಂಗಪ್ರವೇಶ, ಹೀಗೆ ಕೆಲಸ ಬರುತ್ತಿತ್ತು. ಕೋವಿಡ್ ಬಂದಮೇಲೆ ಅದೆಲ್ಲ ನಿಂತುಹೋಗಿ, ಕೈಗೆ ಉಳಿದಿದ್ದು ಮದುವೆಗಳು ಮಾತ್ರ. ಅದರಲ್ಲೊಂದು ಮನೆಯವರು ಭೀಮನ ಅಮಾವಾಸ್ಯೆಯೊಳಗೆ, ಅಂದರೆ ಆಗಸ್ಟ್ 8ರೊಳಗೆ, ಪೂರ್ತಿ ವಿಡಿಯೊ ಬೇಕು ಅಂದಿದ್ದರು. ಮದುಮಗಳು ಮೊದಲ ವರ್ಷದ ವ್ರತಕ್ಕೆ ಕೂರುವ ದಿನ ಎಲ್ಲ ಊರಿನ ನೆಂಟರೂ ಒಂದೇ ಹೊತ್ತಿಗೆ ನೋಡಬೇಕು ಅನ್ನುವುದು ಅವರ ಆಸೆ. ಆಷಾಢ ಹುಟ್ಟಿದ ವಾರವೇ ನನ್ನ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಿತು. ಪರದೆಯ ತುಂಬ ಹಸಿರು ಚೌಕಗಳು ಎದ್ದವು, ಆಮೇಲೆ ಏನೂ ಇಲ್ಲ.

ಕಂಪ್ಯೂಟರ್ ಪೂರ್ತಿ ಸತ್ತಿರಲಿಲ್ಲ. ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರಿನೊಳಗೇ ಸಣ್ಣದೊಂದು ಗ್ರಾಫಿಕ್ಸ್ ಇರುತ್ತದೆ. ಕಾರ್ಡ್ ತೆಗೆದು, ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗೇ ಚುಚ್ಚಿದರೆ ವಿಂಡೋಸ್ ಬರುತ್ತಿತ್ತು, ಪತ್ರ ಟೈಪ್ ಮಾಡಬಹುದಿತ್ತು. ಆದರೆ ನಾನು ಬಳಸುವ ಡಾವಿಂಚಿ ರಿಸಾಲ್ವ್ ಬಣ್ಣ ತಿದ್ದುವುದು, ಚಿತ್ರ ಕೂಡಿಸುವುದು ಎಲ್ಲಕ್ಕೂ ಕಾರ್ಡನ್ನೇ ನೆಚ್ಚಿಕೊಂಡ ತಂತ್ರಾಂಶ. ಕಾರ್ಡಿನ ಮೆಮೊರಿ ಸಾಲದಿದ್ದರೆ ‘ಜಿಪಿಯು ಮೆಮೊರಿ ತುಂಬಿದೆ’ ಅಂತ ಹೇಳಿ ಕೂತುಬಿಡುತ್ತದೆ. ನಾಲ್ಕು ಜಿಬಿಗಿಂತ ಕಡಿಮೆ ಇರುವ ಕಾರ್ಡ್ ತಂದು ಪ್ರಯೋಜನವಿರಲಿಲ್ಲ. ಕೈಯಲ್ಲಿದ್ದದ್ದು 15,000 ರೂಪಾಯಿ, ಅದರಲ್ಲೂ ಒಂದು ಭಾಗ ಮದುವೆ ಮನೆಯವರು ಕೊಟ್ಟ ಮುಂಗಡ.

ಕಾರ್ಡ್ ಕೊಳ್ಳಲು ಅದಕ್ಕಿಂತ ಕೆಟ್ಟ ಕಾಲ ಇರಲಿಲ್ಲ. ಜಗತ್ತಿನಲ್ಲೆಲ್ಲ ಚಿಪ್‌ಗಳ ಬರ. ಸಿಕ್ಕಷ್ಟು ಕಾರ್ಡುಗಳನ್ನು ಎಥೀರಿಯಂ ಎಂಬ ಡಿಜಿಟಲ್ ಹಣದ ಗಣಿಗಾರಿಕೆ ಮಾಡುವವರು ಬಾಚಿಕೊಳ್ಳುತ್ತಿದ್ದರು. ಟೌನ್ ಹಾಲ್ ಹತ್ತಿರದ ಎಸ್‌.ಪಿ. ರಸ್ತೆ, ಅಂದರೆ ಸದರ್ ಪತ್ರಪ್ಪ ರಸ್ತೆ, ಊರಿನ ಕಂಪ್ಯೂಟರಿಗೆಲ್ಲ ತವರು. ಸ್ಕ್ರೂನಿಂದ ಸರ್ವರ್‌ವರೆಗೆ ಅಲ್ಲಿ ಸಿಗದ್ದಿಲ್ಲ. ಅಲ್ಲೂ ಅಂಗಡಿಯವರು ಬೆಲೆ ಹೇಳುವ ಮೊದಲು ನನ್ನ ಮುಖ ನೋಡಿ ನಗುತ್ತಿದ್ದರು. 2016ರಲ್ಲಿ 139 ಡಾಲರಿಗೆ ಬಿಡುಗಡೆಯಾಗಿದ್ದ ಜಿಟಿಎಕ್ಸ್ 1050 ಟಿಐ ಎಂಬ ಕಾರ್ಡ್ ಐದು ವರ್ಷ ಹಳೆಯದಾದ ಮೇಲೆ ಅದಕ್ಕಿಂತ ಹೆಚ್ಚಿನ ಬೆಲೆಗೆ ಹೊಸ ಡಬ್ಬಿಯಲ್ಲಿ ಕೂತಿತ್ತು.

ಆ ಬೀದಿಯಲ್ಲಿ ಬಹಳ ವರ್ಷದಿಂದ ರಿಪೇರಿ ಮಾಡುವ ಹಿರಿಯರೊಬ್ಬರು ನನಗೆ ಎರಡು ಮಾತು ಹೇಳಿದರು. ಮೊದಲನೆಯದು, ಹೆಸರು ನೋಡಿ ದುಡ್ಡು ಕೊಡಬೇಡ. ಜಿಟಿ 1030 ಅಂತ ಒಂದೇ ಹೆಸರಿನಲ್ಲಿ ಎರಡು ಕಾರ್ಡ್ ಇವೆ. 2017ರದು ಜಿಡಿಡಿಆರ್5 ಮೆಮೊರಿಯದು, ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. ಮರುವರ್ಷ ಬಂದದ್ದು ಡಿಡಿಆರ್4ನದು, 17 ಜಿಬಿಯನ್ನೂ ಮುಟ್ಟುವುದಿಲ್ಲ. ಎರಡರದ್ದೂ ಎರಡೇ ಜಿಬಿ ಮೆಮೊರಿಯಾದ್ದರಿಂದ ನನಗೆ ಬೇಕಿರಲಿಲ್ಲ, ಆದರೆ ಪಾಠ ಉಳಿಯಿತು. ಎರಡನೆಯದು, ವ್ಯಾಟ್ ನೋಡು. ಮದರ್‌ಬೋರ್ಡಿನ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ, ಯಂತ್ರಕ್ಕೆಲ್ಲ ಕರೆಂಟ್ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಆರು ಅಥವಾ ಎಂಟು ಪಿನ್ನಿನ ತಂತಿ ಬರಬೇಕು. ನನ್ನ ಎಸ್‌ಎಂಪಿಎಸ್‌ನಲ್ಲಿ ಆ ತಂತಿ ಇರಲಿಲ್ಲ. ಹಾಗಾಗಿ 185 ವ್ಯಾಟ್ ಕುಡಿಯುವ ಆರ್‌ಎಕ್ಸ್ 580 ಅಗ್ಗಕ್ಕೆ ಸಿಕ್ಕರೂ ನನಗೆ ಉಪಯೋಗವಿಲ್ಲ. 1050 ಟಿಐ ಸರಿಯಾಗಿ 75 ವ್ಯಾಟಿನದು. ಎಥೀರಿಯಂ ಗಣಿಗೆ ಬೇಕಾದ ಕಡತ 2020ರ ಕೊನೆಗೇ ನಾಲ್ಕು ಜಿಬಿ ದಾಟಿದ್ದರಿಂದ ಗಣಿಗಾರರು ನಾಲ್ಕೇ ಜಿಬಿಯ ಈ ಕಾರ್ಡನ್ನು ಮೂಸುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಅದನ್ನೇ ಹುಡುಕು ಅಂದರು.

ಹುಡುಕಿದ್ದಕ್ಕೆ ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ಒಬ್ಬ ಹುಡುಗ ಒಂಬತ್ತು ಸಾವಿರಕ್ಕೆ ಕೊಡುತ್ತೇನೆ ಅಂದ. ಅಷ್ಟು ಅಗ್ಗ ಅಂದಾಗಲೇ ಅನುಮಾನ. ಓಡುತ್ತಿರುವುದನ್ನು ನೋಡದೆ ಹಣ ಕೊಡುವುದಿಲ್ಲ ಅಂದೆ. ಅವನು ಮನೆಯೊಳಗೆ ಕರೆದು ಕಂಪ್ಯೂಟರ್ ಹಚ್ಚಿದ. ವಿಂಡೋಸ್ ‘ಜಿಟಿಎಕ್ಸ್ 1050 ಟಿಐ, 4 ಜಿಬಿ’ ಅಂತಲೇ ತೋರಿಸಿತು. ಆದರೆ ಹಿಂದುಗಡೆ ಮಾನಿಟರಿಗೆ ಹೋಗಿದ್ದದ್ದು ನೀಲಿ ಬಣ್ಣದ ಹಳೇ ವಿಜಿಎ ಕೇಬಲ್. ಅಸಲಿ 1050 ಟಿಐ ತಲೆಮಾರಿನ ಚಿಪ್‌ಗಳಲ್ಲಿ ಅನಲಾಗ್ ಸಂಕೇತ ಹೊರಡುವ ವ್ಯವಸ್ಥೆಯನ್ನೇ ತೆಗೆದುಹಾಕಿದ್ದರು. ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದ, ಕಾರ್ಡಿನ ಒಳವಿವರ ತೋರಿಸುವ ಜಿಪಿಯು-ಝಡ್ ತೆರೆದೆ. ಅಸಲಿಗೆ ಇರಬೇಕಾದದ್ದು 768 ಕೋರ್, ಇದರಲ್ಲಿದ್ದದ್ದು 192. ಹೆಸರಿನ ಮುಂದೆ ‘ಫೇಕ್’ ಅಂತ ಅದೇ ಬರೆದುಕೊಂಡಿತ್ತು. ಹತ್ತು ವರ್ಷ ಹಿಂದಿನ ಚಿಪ್ಪಿನ ಬಯಾಸ್ ತಿದ್ದಿ, ಹೊಸ ಹೆಸರು ಹೇಳುವಂತೆ ಮಾಡಿ ಯಾರೋ ಮಾರಿದ್ದರು. ಹುಡುಗನ ಮುಖ ನೋಡಿದರೆ ಅವನೂ ಮೋಸ ಹೋದವನೇ. ಬೈಯಲು ಬಾಯಿ ಬರಲಿಲ್ಲ. ಬರಿಗೈಯಲ್ಲಿ ಬಂದೆ.

ಕೊನೆಗೆ ಎಸ್‌.ಪಿ. ರಸ್ತೆಯ ಅಂಗಡಿಯೊಂದರಲ್ಲೇ 12,500ಕ್ಕೆ ಬಳಸಿದ 1050 ಟಿಐ ಸಿಕ್ಕಿತು. ಕೋರ್ ಎಣಿಸಿಕೊಂಡೇ ತಂದೆ. ಮನೆಯಲ್ಲಿ ಹಾಕಿದೆ, ಡ್ರೈವರ್ ಇಳಿಸಿದೆ, ಚಿತ್ರ ಮೂಡಿತು. ಮಾಂಗಲ್ಯಧಾರಣೆಯ ಭಾಗಕ್ಕೆ ಬಣ್ಣ ಹೊಂದಿಸಿ ರೆಂಡರ್‌ಗೆ ಕೊಟ್ಟು ಕಾಫಿಗೆ ಎದ್ದೆ. ಲೋಟ ಹಿಡಿದು ಬರುವಷ್ಟರಲ್ಲಿ ಮಾನಿಟರ್ ಕಪ್ಪು. ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಗುತ್ತಿತ್ತು.

ಅಲ್ಲಿಂದ ಮುಂದಿನ ದಿನಗಳನ್ನು ಈಗ ನೆನೆಸಿಕೊಂಡರೂ ಹೊಟ್ಟೆ ತೊಳಸುತ್ತದೆ. ಸುಮ್ಮನೆ ಇದ್ದಾಗ ಯಂತ್ರ ತಣ್ಣಗೆ ಓಡುತ್ತಿತ್ತು, ಹಾಡು ಕೇಳಬಹುದಿತ್ತು, ಸಿನಿಮಾ ನೋಡಬಹುದಿತ್ತು. ಕೆಲಸಕ್ಕೆ ಕೂತರೆ ಮಾತ್ರ ಬೀಳುತ್ತಿತ್ತು. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಎಂಬ ತಂತ್ರಾಂಶದಿಂದ ಹಳೇ ಡ್ರೈವರನ್ನು ಬೇರುಸಹಿತ ತೆಗೆದು ಹೊಸದು ಹಾಕಿದೆ. ರ್‍ಯಾಮ್ ಕಳಚಿ ರಬ್ಬರಿನಿಂದ ಉಜ್ಜಿದೆ. ಕಾರ್ಡಿನ ಬಿಸಿ ನೋಡಿದೆ, 65 ಡಿಗ್ರಿ ದಾಟಿರಲಿಲ್ಲ. ಅಂಗಡಿಯವರು ‘ನಿಮ್ಮ ಬೋರ್ಡ್ ಹಳೇದು ಸಾರ್’ ಅಂದರು. ಬೋರ್ಡ್ ನೋಡಿದ ಸರ್ವಿಸ್‌ನವನು ‘ಕಾರ್ಡೇ ಡಬ್ಬ, ಹಿಂದಕ್ಕೆ ಕೊಡಿ’ ಅಂದ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಗೋಡೆಯ ಕಡೆ ಕೈ ತೋರಿಸಿ ‘ಈ ಮನೇಲಿ ಅರ್ಥಿಂಗೇ ಇಲ್ಲ, ಇನ್ನೇನಾಗತ್ತೆ’ ಅಂದ. ಮೂವರೂ ಖಚಿತವಾಗಿ ಹೇಳುವವರೇ, ಮೂವರ ಕೈಯಲ್ಲೂ ಅಳತೆ ಇರಲಿಲ್ಲ. ಇತ್ತ ಮದುಮಗಳ ತಾಯಿ ದಿನಾ ಸಂಜೆ ಫೋನ್ ಮಾಡಿ, ಒತ್ತಾಯ ಮಾಡುತ್ತಿಲ್ಲ ಅಂತಲೇ ಶುರು ಮಾಡುತ್ತಿದ್ದರು.

ಬಸವನಗುಡಿಯಲ್ಲಿ ನನ್ನ ಹಾಗೇ ಎಡಿಟಿಂಗ್ ಮಾಡುವ ಗೆಳೆಯನಿದ್ದಾನೆ. ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವನ ಮನೆಗೆ ಹೋದೆ. ಅವನ ಕಂಪ್ಯೂಟರಿನಲ್ಲಿ ಅದೇ ಮಾಂಗಲ್ಯಧಾರಣೆ ಒಂದು ಸಲವೂ ನಿಲ್ಲದೆ ರೆಂಡರ್ ಆಯಿತು. ಕಾರ್ಡ್ ನಿರಪರಾಧಿ. ಅಲ್ಲೇ ಕೂತು ಇಬ್ಬರೂ ಇನ್ನೊಂದು ವಿಷಯ ಗಮನಿಸಿದೆವು. ಡ್ರೈವರ್ ತಪ್ಪಿದರೆ ವಿಂಡೋಸ್ ಎರಡು ಸೆಕೆಂಡ್ ಕಾಯುತ್ತದೆ, ಕಾರ್ಡ್ ಉತ್ತರ ಕೊಡದಿದ್ದರೆ ಅದನ್ನು ಎಬ್ಬಿಸಿ ಕೂರಿಸುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬರುತ್ತದೆ. ನನ್ನದು ಹಾಗಲ್ಲ, ಇಡೀ ಯಂತ್ರವೇ ಬೀಳುತ್ತಿತ್ತು. ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ‘ಕರ್ನಲ್-ಪವರ್ 41’ ಅನ್ನುವ ಒಂದೇ ಸಾಲು. ಸರಿಯಾಗಿ ಮುಚ್ಚದೆಯೇ ನಿಂತುಹೋಯಿತು ಅಂತಷ್ಟೇ ಅದರ ಅರ್ಥ, ಏಕೆ ಅಂತ ಅದು ಹೇಳುವುದಿಲ್ಲ. ಆದರೆ ನಮಗೆ ದಿಕ್ಕು ಸಿಕ್ಕಿತು: ಕರೆಂಟು.

ಎಸ್‌ಎಂಪಿಎಸ್ ಹೊರತೆಗೆದು ಪಕ್ಕದ ಚೀಟಿ ಓದಿದೆ. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣ ಕೋಷ್ಟಕ, ಅದರಲ್ಲಿ 12 ವೋಲ್ಟಿನ ಸಾಲಿಗೆ 14 ಆಂಪಿಯರ್. ಗುಣಿಸಿದರೆ 168 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟಿನಿಂದಲೇ. ಉಳಿದದ್ದೆಲ್ಲ 3.3, 5 ವೋಲ್ಟಿನ ಸಾಲುಗಳಿಗೆ ಹಂಚಿ ಕೂಡಿಸಿದ ಲೆಕ್ಕ. ಪ್ರೊಸೆಸರಿಗೆ 84, ಕಾರ್ಡಿಗೆ 75, ಮೇಲೆ ಹಾರ್ಡ್ ಡಿಸ್ಕುಗಳು, ಫ್ಯಾನುಗಳು. ನೂರು ಎಲೆ ಹಾಕಿ ಐವತ್ತು ಜನಕ್ಕೆ ಅನ್ನ ಮಾಡಿದ ಹಾಗಿತ್ತು. ಹಳೇ ಕಾರ್ಡ್ 60 ವ್ಯಾಟಿನದಾದ್ದರಿಂದ ಹೇಗೋ ಸಾಗಿತ್ತು.

ಗೆಳೆಯನ ಮಲ್ಟಿಮೀಟರ್ ತಂದು, ರೆಂಡರ್ ಓಡುತ್ತಿರುವಾಗಲೇ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಅಳೆದೆ. ನಿಯಮದ ಪ್ರಕಾರ ಶೇಕಡಾ ಐದರಷ್ಟು ಮಾತ್ರ ಆಚೀಚೆ ಆಗಬಹುದು, ಅಂದರೆ 11.4ರಿಂದ 12.6ರವರೆಗೆ. ಸುಮ್ಮನಿದ್ದಾಗ 11.9 ಇತ್ತು. ರೆಂಡರ್ ಬಿಸಿಯೇರುತ್ತಿದ್ದಂತೆ 11.6, 11.4, 11.2. ಅಲ್ಲಿಗೆ ಯಂತ್ರ ಬಿತ್ತು. ವಾರಗಟ್ಟಲೆ ಕಾಡಿದ್ದು ಮೂರು ಅಂಕಿಯಲ್ಲಿ ಕಂಡುಬಿಟ್ಟಿತು. ನಾನು ಜೋರಾಗಿ ನಕ್ಕಿದ್ದು ಕೇಳಿ ಮನೆಯವರು ಒಳಗಿಂದ ಓಡಿಬಂದರು. ಆಮೇಲೆ ಎಸ್‌.ಪಿ. ರಸ್ತೆಯ ಹಿರಿಯರು ಆ ಡಬ್ಬಿಯನ್ನು ಬಿಚ್ಚಿ ತೋರಿಸಿದರು. ಒಳಗಿನ ಕೆಪಾಸಿಟರುಗಳ ತಲೆಗಳು ಉಬ್ಬಿಕೊಂಡಿದ್ದವು.

3,200 ರೂಪಾಯಿಗೆ ‘80 ಪ್ಲಸ್ ಬ್ರಾಂಜ್’ ಗುರುತಿನ ಹೊಸ ಎಸ್‌ಎಂಪಿಎಸ್ ಬಂತು. ಅದೂ 450 ವ್ಯಾಟೇ, ಆದರೆ ಬಹುಪಾಲು 12 ವೋಲ್ಟಿನ ಸಾಲಿನಲ್ಲೇ ಇತ್ತು. ಆ ರಾತ್ರಿ ಇಡೀ ರೆಂಡರ್ ಓಡಿತು, ಬೀಳಲಿಲ್ಲ.

ಆದರೆ ಮೊದಲಿನಿಂದಲೂ ಇದ್ದ ಇನ್ನೊಂದು ತೊಂದರೆ, ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುವುದು, ಹೋಗಿರಲಿಲ್ಲ. ಎಲೆಕ್ಟ್ರಿಷಿಯನ್ ಹೇಳಿದ್ದು ರೀಸ್ಟಾರ್ಟಿಗೆ ಕಾರಣವಲ್ಲದಿದ್ದರೂ ಸುಳ್ಳಾಗಿರಲಿಲ್ಲ. ಎಸ್‌ಎಂಪಿಎಸ್‌ನೊಳಗಿನ ಸೋಸುವ ಕೆಪಾಸಿಟರುಗಳು ತುಸು ಕರೆಂಟನ್ನು ಮೈಗೆ ಬಿಡುತ್ತವೆ. ಮೂರನೇ ಪಿನ್ ಭೂಮಿಗೆ ಸೇರಿದ್ದರೆ ಅದು ಅಲ್ಲಿಗೆ ಇಳಿಯುತ್ತದೆ, ಇಲ್ಲದಿದ್ದರೆ ನಮ್ಮ ಬೆರಳಿಗೆ. ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಕಿಡಿ ಹಾರಿ ಕಾರ್ಡಿನ ಪೋರ್ಟೇ ಸುಡಬಹುದು. ಸ್ವಿಚ್‌ಬೋರ್ಡ್ ಬಿಚ್ಚಿ ನೋಡಿದರೆ ಮೂರನೇ ಪಿನ್ನಿನ ತಂತಿ ಎರಡಂಗುಲ ಇಳಿದು ಗೋಡೆಯೊಳಗೆ ತುಂಡಾಗಿ ನಿಂತಿತ್ತು. ಮನೆ ಮಾಲೀಕರು ‘ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲವಲ್ಲ’ ಅಂದರು. ಅವರ ಕೈಯನ್ನೇ ಕ್ಯಾಬಿನೆಟ್ಟಿನ ಮೇಲೆ ಇಡಿಸಿದೆ. ಅರ್ಧ ಖರ್ಚು ಕೊಡಲು ಒಪ್ಪಿದರು. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪ್ ಇಳಿಸಿ ಕೋಣೆಯವರೆಗೆ ತಂತಿ ಎಳೆಸಿದೆವು. ನನ್ನ ಪಾಲು ಎರಡು ಸಾವಿರ.

ಅಮಾವಾಸ್ಯೆಯ ಹಿಂದಿನ ಸಂಜೆ ವಿಡಿಯೊ ಹೋಯಿತು. 15,000ದ ಬಜೆಟ್ 17,700 ಆಗಿತ್ತು, ಮೇಲಿನ ದುಡ್ಡಿಗೆ ಸಾಲ ಮಾಡಿದ್ದೆ. ಮರುವರ್ಷ, 2022ರ ಸೆಪ್ಟೆಂಬರ್ 15ಕ್ಕೆ, ಎಥೀರಿಯಂ ಗಣಿ ಮಾದರಿಯನ್ನೇ ಕೈಬಿಟ್ಟಿತು. ಗಣಿಯಲ್ಲಿ ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಹಳೇ ಮಾಲಿನ ಮಾರುಕಟ್ಟೆಗೆ ಬಂದು ಬೆಲೆ ಕುಸಿಯಿತು. ನಾನು ಕೊಟ್ಟ ಹಣಕ್ಕೆ ಆಗ ಎರಡು ಪಟ್ಟು ಕಾರ್ಡ್ ಸಿಗುತ್ತಿತ್ತು. ಬೇಸರವಾಗಲಿಲ್ಲ ಅಂದರೆ ಸುಳ್ಳಾದೀತು. ಎಸ್‌ಎಂಪಿಎಸ್, ಅರ್ಥಿಂಗ್ ಎರಡೂ ಮಾತ್ರ ಇವತ್ತಿಗೂ ದುಡಿಯುತ್ತಿವೆ.

ಈಗ ಬೀದಿಯ ಹುಡುಗರು ಗೇಮ್ ಆಡಲು ಯಾವ ಕಾರ್ಡ್ ಕೊಳ್ಳಲಿ ಅಂತ ಕೇಳಿಕೊಂಡು ಬರುತ್ತಾರೆ. ಎಸ್‌ಎಂಪಿಎಸ್‌ನ ಚೀಟಿಯ ಫೋಟೊ ಕಳಿಸು ಅನ್ನುತ್ತೇನೆ. ಮುಖ ಸಪ್ಪಗಾಗುತ್ತದೆ, ಹೆಚ್ಚಿನವರು ಕಳಿಸುವುದಿಲ್ಲ. ಮೊನ್ನೆ ಒಬ್ಬ ಕಳಿಸಿದ. 12 ವೋಲ್ಟಿನ ಸಾಲು ಚೆನ್ನಾಗಿತ್ತು, ಆದರೆ ಜೊತೆಗೇ ಕೇಳಿದ: ‘ಅಂಕಲ್, ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನತ್ತೆ, ಅದು ನಾರ್ಮಲ್ಲಾ?’ ಕಾರ್ಡಿನ ಮಾತು ಆಮೇಲೆ ಆಡೋಣ, ಮೊದಲು ಎಲೆಕ್ಟ್ರಿಷಿಯನ್‌ನ ಕರೆಸು ಅಂದೆ.