ಕೊಕ್ಕೊ ಕಾಸು

ಅಡಿಕೆ ತೋಟದ ಮನೆಯಲ್ಲಿ ಒಂದೊಂದು ಬೆಳೆಯ ದುಡ್ಡಿಗೆ ಒಬ್ಬೊಬ್ಬರು ಯಜಮಾನರು. ಅಡಿಕೆಯದ್ದು ಅಪ್ಪನಿಗೆ, ಅದು ಬ್ಯಾಂಕಿನ ಸಾಲ, ಮದುವೆ, ಮನೆಯ ಮಾಡು ಎಂದು ದೊಡ್ಡ ಬಾಯಿಗಳಿಗೇ ಹೋಗುವಂಥದ್ದು. ಕಾಳುಮೆಣಸು ಅಜ್ಜನ ವಶ. ಅವರ ಮನಸ್ಸಿಗೆ ಒಪ್ಪುವ ಬೆಲೆ ಬರುವವರೆಗೆ ಗೋಣಿ ಅಟ್ಟದಿಂದ ಇಳಿಯುವುದಿಲ್ಲ. ಡೈರಿಗೆ ಹಾಕುವ ಹಾಲಿನ ಲೆಕ್ಕ ಅಮ್ಮನದು. ಕೊಕ್ಕೊ ಮಾತ್ರ ಮಕ್ಕಳದು. ಪುತ್ತೂರು, ಸುಳ್ಯ, ಕಡಬದ ಕಡೆಯ ಯಾವ ಪಾಲುಪಟ್ಟಿಯಲ್ಲೂ ಇದನ್ನು ಬರೆದಿಲ್ಲ. ಆದರೂ ನಮ್ಮ ಪ್ರಾಯದವರನ್ನು ಯಾರನ್ನೇ ಕೇಳಿ, ಮೊದಲ ಶಾಯಿ ಪೆನ್ನು, ಜಾತ್ರೆಯ ಮೊದಲ ಐಸ್‌ಕ್ರೀಮು, ಮೊದಲ ವಾಚು ಕೊಕ್ಕೊ ದುಡ್ಡಿನದೆಂದೇ ಹೇಳಿಯಾರು.

ಅದು ಮಕ್ಕಳ ಪಾಲಿಗೆ ಬರಲಿಕ್ಕೆ ಆ ಮರದ ಮೈಕಟ್ಟೂ ಒಂದು ಕಾರಣ. ಅಡಿಕೆ ಕೊಯ್ಯಲು ಮರ ಹತ್ತುವವರು ಬೇಕು, ಮೆಣಸಿಗೆ ಏಣಿ ಬೇಕು. ಕೊಕ್ಕೊ ಹೂ ಬಿಡುವುದೇ ಕಾಂಡದ ಮೇಲೆ, ಕಾಯಿ ತೂಗುವುದೂ ಅಲ್ಲಿಯೇ. ಎಂಟನೇ ಕ್ಲಾಸಿನ ಹುಡುಗಿಯ ಮೊಣಕಾಲಿನ ಮಟ್ಟದಿಂದಲೇ ಶುರು. ಹೂವು ಕಿರುಬೆರಳ ಉಗುರಿನಷ್ಟು ಸಣ್ಣದು. ಅದಕ್ಕೆ ಪರಾಗ ಮುಟ್ಟಿಸುವುದು ಕಣ್ಣಿಗೆ ಸರಿಯಾಗಿ ಕಾಣದ ನುಸಿ. ಮೈತುಂಬ ಹೂ ಬಿಟ್ಟರೂ ಕಾಯಿ ಕಚ್ಚುವುದು ಕೆಲವು ಮಾತ್ರ, ಕಚ್ಚಿದ್ದು ಹಣ್ಣಾಗಲು ಐದಾರು ತಿಂಗಳು ಬೇಕು. ಹಸಿರು ಹಳದಿಗೆ ತಿರುಗಿದ್ದನ್ನು ಮೊದಲು ನೋಡುವವರು ಇಬ್ಬರೇ: ಅಳಿಲು, ಮತ್ತೆ ಶಾಲೆಗೆ ಹೋಗುವ ಮಕ್ಕಳು.

ನನ್ನ ತವರು ಕಡಬದ ಹತ್ತಿರ. ಆಗ ಕಡಬವೆಂದರೆ ಪುತ್ತೂರು ತಾಲೂಕಿನ ಒಂದು ಮೂಲೆ. ಅದೇ ತಾಲೂಕಾದದ್ದು ಮೊನ್ನೆ ಮೊನ್ನೆ. ಬೆಳಗ್ಗೆ ಎದ್ದು ಹಟ್ಟಿಯ ಸಗಣಿ ತೆಗೆದು, ಬಿದ್ದ ಅಡಿಕೆ ಹೆಕ್ಕಿ, ಗಂಜಿ ಉಂಡು, ತೋಟದ ನಡುವಿನ ದಾರಿಯಲ್ಲೇ ಹೈಸ್ಕೂಲಿಗೆ ಹೋಗುವುದು. ಯಾವ ಮರದ ಕಾಯಿ ಬಣ್ಣ ತಿರುಗಿದೆ ಎಂದು ಹೋಗುವಾಗ ಕಣ್ಣಲ್ಲೇ ಗುರುತು ಹಾಕಿದರೆ ಸಂಜೆ ಬರುವಾಗ ಕೊಯ್ಲು. ನಾನೂ ಅಣ್ಣನೂ ಮರಗಳನ್ನು ಪಾಲು ಮಾಡಿಕೊಂಡಿದ್ದೆವು. ತೋಡಿನಿಂದ ಈಚೆಯದ್ದು ನನಗೆ, ಆಚೆಯದ್ದು ಅವನಿಗೆ. ನನ್ನ ಮರದ ಕಾಯಿ ಕಾಣೆಯಾದರೆ ಅವನು ಅಳಿಲಿನ ಹೆಸರು ಹೇಳುತ್ತಿದ್ದ. ಅಳಿಲು ಕಾಯಿಗೆ ತೂತು ಕೊರೆದು, ಲೋಳೆ ಚೀಪಿ, ಬೀಜವನ್ನು ಬುಡದಲ್ಲೇ ಉದುರಿಸಿ ಹೋಗುತ್ತದೆ. ತೊಟ್ಟಿಗೆ ಕತ್ತಿ ಹಾಕಿ ಇಡೀ ಕಾಯಿ ಹೊತ್ತುಕೊಂಡು ಹೋಗುವುದಿಲ್ಲ ಎನ್ನುವಷ್ಟು ಜೀವಶಾಸ್ತ್ರ ನನಗೂ ಗೊತ್ತಿತ್ತು.

ಜಿಲ್ಲಾಧಿಕಾರಿಗಳ ರಜೆ ಹಿಂದಿನ ರಾತ್ರಿಯೇ ಮೊಬೈಲಿಗೆ ಬಂದು ಬೀಳುವ ಕಾಲ ಅದಲ್ಲ. ಹೊಸಮಠದ ಸೇತುವೆ ಮುಳುಗಿತು ಎಂದು ಯಾರಾದರೂ ಬಂದು ಹೇಳಿದರೆ ಅರ್ಧ ರಜೆ ಸಿಕ್ಕಿದ ಹಾಗೆ. ಗುಂಡ್ಯ ಹೊಳೆ ಆ ತಗ್ಗು ಸೇತುವೆಯ ಮೇಲೆ ಹರಿಯುವಾಗ ಉಪ್ಪಿನಂಗಡಿ ಕಡೆಯ ಬಸ್ಸು ಆಚೆಯೇ ಬಾಕಿ, ಬಸ್ಸಿನಲ್ಲಿದ್ದ ಮಾಸ್ಟ್ರೂ ಆಚೆಯೇ ಬಾಕಿ. ನಮಗೆ ಹಬ್ಬ. ಕೊಕ್ಕೊಗೆ ಮಾತ್ರ ಅಂಥ ಮಳೆ ಆಗುವುದಿಲ್ಲ. ಬಿಡದೆ ಹೊಯ್ದರೆ ಕಾಯಿ ಕಪ್ಪಾಗಿ ಕೊಳೆಯುತ್ತದೆ. ಹಾಗಾಗಿ ರಜೆ ಎಂದರೆ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿ ತೋಟಕ್ಕೆ ಓಡುವುದು, ಉಂಬಳಕ್ಕೆ ರಕ್ತ ಕೊಟ್ಟು ಉಳಿದದ್ದನ್ನು ತರುವುದು.

ಕೊಕ್ಕೊ ಒಡೆಯಲಿಕ್ಕೆ ಕತ್ತಿ ಹಿಡಿಯಬಾರದು, ಅಲಗು ತಾಗಿದ ಬೀಜ ಹಾಳು. ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಕಾಯಿಯ ನಡುವನ್ನು ಒಮ್ಮೆ ಕುಟ್ಟಬೇಕು, ತಿರುಗಿಸಿ ಇನ್ನೊಮ್ಮೆ. ಟೊಪ್ಪನೆ ಸಿಪ್ಪೆ ಬಿರಿಯುತ್ತದೆ. ಒಂದು ಹೋಳನ್ನು ತಿರುಚಿ ಎಳೆದರೆ ಒಳಗೆ ಬಿಳಿ ಲೋಳೆ ಹೊದ್ದ ಬೀಜಗಳು, ನಡುವಿನ ನಾರಿಗೆ ಸಾಲಾಗಿ ಅಂಟಿಕೊಂಡು. ಒಂದು ಕಾಯಲ್ಲಿ 30ರಿಂದ 45 ಇದ್ದಾವು. ನಾರಿನ ಎರಡೂ ಬದಿಗೆ ಬೆರಳು ಇಳಿಸಿ ಕೆಳಕ್ಕೆ ಜಾರಿಸಿದರೆ ಬೀಜವೆಲ್ಲ ಬಕೆಟಿಗೆ, ನಾರು ಕೈಯಲ್ಲಿ. ಮೊದಲ ಕೆಲವು ಬೀಜ ಬಕೆಟಿಗಲ್ಲ, ಬಾಯಿಗೆ. ಲೋಳೆಗೆ ತೆಳು ಹುಳಿ ಬೆರೆತ ಸಿಹಿ. ಚೀಪಿ ಮುಗಿದ ಬೀಜವನ್ನು ಮತ್ತೆ ಬಕೆಟಿಗೇ ಉಗುಳುತ್ತಿದ್ದೆವು. (ಚಾಕಲೇಟು ತಿನ್ನುವವರು ಹೆದರಬೇಕಾದ್ದಿಲ್ಲ, ಆಮೇಲೆ ಅದು ದಿನಗಟ್ಟಲೆ ಹುದುಗಿ, ಒಣಗಿ, ಹುರಿದು, ಅರೆದು ಶುದ್ಧವಾಗುತ್ತದೆ.) ಸಿಪ್ಪೆ ದನಗಳಿಗೆ. ಅದರ ರಸ ಬಟ್ಟೆಗೆ ತಾಗಿದರೆ ಕಂದು ಕಲೆ, ಯಾವ ಸಾಬೂನಿಗೂ ಬಗ್ಗುವುದಿಲ್ಲ. ಸೋಮವಾರ ಪ್ರಾರ್ಥನೆಗೆ ಸಾಲು ನಿಂತಾಗ ಬಿಳಿ ಅಂಗಿ ನೋಡಿಯೇ ಯಾರ ಮನೆಯಲ್ಲಿ ಎಷ್ಟು ಕೊಕ್ಕೊ ಎಂದು ಹೇಳಬಹುದಿತ್ತು.

ಒಡೆದ ಬೀಜ ಕಾಯುವುದಿಲ್ಲ. ಲೋಳೆ ಕರಗಿ ನೀರಾಗಿ ಇಳಿಯುತ್ತಲೇ ಇರುತ್ತದೆ, ಅದರೊಟ್ಟಿಗೆ ತೂಕವೂ. ಮೂರು ಕಿಲೋ ಹಸಿ ಬೀಜ ಪೂರ್ತಿ ಒಣಗಿದರೆ ಒಂದು ಕಿಲೋದಷ್ಟು ಉಳಿದೀತು. ನಮಗೆ ದುಡ್ಡು ಸಿಗುವುದು ಹಸಿಯ ತೂಕಕ್ಕೆ. ಹಾಗಾಗಿ ಒಡೆದದ್ದೇ ಗೋಣಿಗೆ ತುಂಬಿ ಬಸ್ಸಿಗೆ ಓಡಬೇಕು. ಅಣ್ಣ ಗೋಣಿ ಹತ್ತಿಸಿದಲ್ಲಿಂದ ಸೀಟಿನ ಅಡಿಯಲ್ಲಿ ಅಂಟು ನೀರು ಹರಿಯಲು ಶುರು.

“ಎಂತ ಮಾರಾಯ ಇದು, ಬಸ್ಸಿಡೀ ಅಂಟು!” ಎಂದು ಕಂಡಕ್ಟರ್ ಬೊಬ್ಬೆ ಹಾಕಿದರು.

“ನಿಮಗೆ ಅಂಟು, ನಮಗೆ ಅದೇ ದುಡ್ಡು ಕಂಡಕ್ಟರಣ್ಣ. ಬೇಗ ಹೋಗುವ, ಪೂರಾ ಇಲ್ಲೇ ಸೋರ್ತಾ ಉಂಟು,” ಎಂದ ಅಣ್ಣ.

ಕೊಕ್ಕೊದ ದೊಡ್ಡ ಫಸಲು ಏಪ್ರಿಲಿಗೆ ಶುರುವಾಗುತ್ತದೆ. ಶಾಲೆಯ ಪರೀಕ್ಷೆಯ ಫಲಿತಾಂಶ ಆಗೆಲ್ಲ ಏಪ್ರಿಲ್ 10ಕ್ಕೆ. ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದಲ್ಲಿ ಜಾತ್ರೆಗೆ ಕೊಡಿ ಏರುವುದೂ ಅದೇ ದಿನ. ಪಾಸೋ ಫೇಲೋ, 17ರ ರಥೋತ್ಸವಕ್ಕೆ ಕೈಯಲ್ಲಿ ಕೊಕ್ಕೊ ಕಾಸು ಇರುತ್ತಿತ್ತು. ಎರಡನೆಯ ಫಸಲು ಮಳೆ ಬಿಟ್ಟ ಮೇಲೆ, ಸುಬ್ರಹ್ಮಣ್ಯದ ಚಂಪಾಷಷ್ಠಿಗೆ ಸರಿಯಾಗಿ. ದೇವರೂ ಕೊಕ್ಕೊ ನೋಡಿಯೇ ಜಾತ್ರೆಯ ದಿನ ಇಟ್ಟಿದ್ದಾರೆ ಎಂದು ನಾನು ನಂಬಿದ್ದೆ. ಕೊಕ್ಕೊ ನಮ್ಮೂರಿಗೆ ಬರುವ ಎಷ್ಟೋ ಕಾಲ ಮೊದಲೇ ಆ ದೇವರ ತೇರು ಹೊರಡುತ್ತಿತ್ತು ಎಂದು ತಿಳಿದದ್ದು ಆಮೇಲೆ.

ಬಂದದ್ದು ನಿಜಕ್ಕೂ ತಡವಾಗಿ. ಈಸ್ಟ್ ಇಂಡಿಯಾ ಕಂಪನಿಯವರು 1798ರಲ್ಲೇ ತಮಿಳುನಾಡಿನ ಕುರ್ತಾಲಂನಲ್ಲಿ ಕೊಕ್ಕೊ ನೆಡಿಸಿದ್ದರಂತೆ. ಅದು ಅಲ್ಲಿಗೇ ನಿಂತಿತು. ತೋಟದ ಬೆಳೆಯಾಗಿ ಹಬ್ಬಲಿಕ್ಕೆ ಶುರುವಾದದ್ದು 1965ರಲ್ಲಿ ಕ್ಯಾಡ್ಬರಿಯವರು ವಯನಾಡಿನ ಚುಂಡಾಲೆಯಲ್ಲಿ ಮಾದರಿ ತೋಟ ಮಾಡಿದ ಮೇಲೆ. ನಮ್ಮ ಕಡೆ ಅಡಿಕೆಯ ನೆರಳಿನಲ್ಲಿ ಅದು ಚೆನ್ನಾಗಿ ಬರುತ್ತದೆ ಎಂದು ತೋರಿಸಿಕೊಟ್ಟವರು ವಿಟ್ಲದ ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು. ಎಪ್ಪತ್ತರ ದಶಕದಲ್ಲಿ ಅಜ್ಜನೂ ಎಲ್ಲರಂತೆ ಹುರುಪಿನಿಂದ ನೆಟ್ಟರು. ಆಗ ಅದು ಅಜ್ಜನದೇ ಬೆಳೆ. ಮಕ್ಕಳು ಮುಟ್ಟಿದರೆ ಪೆಟ್ಟು. 1980ರ ಹೊತ್ತಿಗೆ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಕುಸಿದು, ಇಲ್ಲಿ ಬೀಜ ಕೇಳುವವರೇ ಇಲ್ಲ ಎಂಬಂತಾಯಿತು. ಎಷ್ಟೋ ಮಂದಿ ಮರವನ್ನೇ ಕಡಿದರು. ಅಜ್ಜನೂ ಕೊಡಲಿ ಹಿಡಿದವರು ತೋಡಿನ ಬದಿಗೆ ಬರುವಾಗ ಸುಸ್ತಾಗಿ ನಿಲ್ಲಿಸಿ, “ಇದಿರಲಿ, ಮಕ್ಕಳಿಗೆ ಚೀಪಲಿಕ್ಕಾಯಿತು,” ಎಂದರಂತೆ. ನಮ್ಮ ಪಾಲು ನಮಗೆ ಬಂದದ್ದು ಹೀಗೆ, ಅಜ್ಜನ ಪ್ರೀತಿಗಿಂತ ಹೆಚ್ಚು ಅಜ್ಜನ ಬೇಸರದಿಂದ.

ಆಮೇಲೆ ಬೀಜ ಕೊಳ್ಳಲು ಕ್ಯಾಂಪ್ಕೋ ಮುಂದೆ ಬಂತು. ಅದು ಅಡಿಕೆಗಾಗಿ ಹುಟ್ಟಿದ ಸಹಕಾರ ಸಂಸ್ಥೆ, ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರದ್ದು. ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರಾಗಿ 1973ರ ಜುಲೈ 11ರಂದು ಶುರುವಾದದ್ದು. ಕೊಂಡ ಬೀಜವನ್ನು ಏನು ಮಾಡುವುದು? ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಫ್ಯಾಕ್ಟರಿಯೇ ಎದ್ದಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಕೊಕ್ಕೊ ಒಡೆದು ಕೈಯೆಲ್ಲ ಕಪ್ಪಾದ ನಮಗೆ ಅಲ್ಲಿಯವರೆಗೆ ಚಾಕಲೇಟಿನ ರುಚಿ ಸರಿಯಾಗಿ ಗೊತ್ತಿರಲಿಲ್ಲ. ಒಣಗಿದ ಬೀಜವನ್ನೇ ಕಚ್ಚಿ ನೋಡಿದ್ದೆ, ಕಷಾಯದ ಹಾಗೆ ಕಹಿ. ಇದರಿಂದ ಸಿಹಿ ತಿಂಡಿ ಮಾಡುತ್ತಾರೆ ಎಂದು ಮಾಸ್ಟ್ರು ಹೇಳಿದಾಗ ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಶಾಲೆಯಿಂದ ಫ್ಯಾಕ್ಟರಿ ನೋಡಲು ಕರೆದುಕೊಂಡು ಹೋದ ದಿನ ಗೇಟಿನ ಹೊರಗೇ ಹುರಿದ ಪರಿಮಳ. ಒಳಗೆ ಒಬ್ಬೊಬ್ಬರ ಕೈಗೆ ಒಂದೊಂದು ತುಂಡು ಬಂತು. ನಮ್ಮ ಕ್ಲಾಸಿನಲ್ಲಿ ಪ್ರತಿಯೊಬ್ಬರೂ, ಇದರಲ್ಲಿರುವುದು ನಮ್ಮ ತೋಟದ್ದೇ ಬೀಜ ಎಂದು ವಾದ ಮಾಡಿದರು. ಮನೆಯಲ್ಲಿ ಒಂದೂ ಮರ ಇಲ್ಲದ ಪೇಟೆಯ ಹುಡುಗನೂ ಬಿಡಲಿಲ್ಲ.

ಈಗ ನನ್ನ ಮನೆ ಬೆಳ್ಳಾರೆಯಿಂದ ಸ್ವಲ್ಪ ಒಳಗೆ. ಸುಳ್ಯ ತಾಲೂಕು ಎಂಬುದು ಬಿಟ್ಟರೆ ಕೊಕ್ಕೊ ಕಾನೂನಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಮಗಳು ಆರನೇ ಕ್ಲಾಸಿನಿಂದ ಅದರ ಯಜಮಾನಿ. ಬಸ್ಸಿನಲ್ಲಿ ಗೋಣಿ ಒಯ್ಯುವ ಕಾಲ ಹೋಯಿತು, ಬಕೆಟು ಸ್ಕೂಟರಿನಲ್ಲಿ ನನ್ನ ಕಾಲ ಸಂದಿಯಲ್ಲಿ ಹೋಗುತ್ತದೆ. ಕಿಲೋಗೆ 60 ರೂಪಾಯಿಯ ಆಸುಪಾಸು ಇರುವವರೆಗೆ ಎಲ್ಲ ಸುಸೂತ್ರ. 2024ರಲ್ಲಿ ಗಾನಾ ಮತ್ತು ಐವರಿ ಕೋಸ್ಟ್‌ನಲ್ಲಿ ಬೆಳೆ ಕೈಕೊಟ್ಟಿತು. ಲೋಕದ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಎರಡು ದೇಶಗಳದ್ದೇ. ಅಲ್ಲಿ ಹವೆಯೂ ಕೆಟ್ಟು, ಮರಕ್ಕೆ ರೋಗವೂ ಬಂದು, ಮಾರ್ಚಿನಲ್ಲಿ ಟನ್ನಿನ ಬೆಲೆ 10,000 ಡಾಲರ್ ದಾಟಿತು. ನಮ್ಮಲ್ಲಿ ಹಸಿ ಬೀಜ 300 ರೂಪಾಯಿಗೆ ಮುಟ್ಟಿತು. ಅದುವರೆಗೆ ಕೊಕ್ಕೊ ಮರ ಎಲ್ಲಿ ಉಂಟೆಂದು ಕೇಳಿದರೆ ಯೋಚಿಸಿ ಹೇಳುತ್ತಿದ್ದ ನಮ್ಮವರು ಬೆಳಗ್ಗೆ ಕಾಫಿಗೆ ಮೊದಲು ತೋಟಕ್ಕೆ ಹೋಗಲು ಶುರು ಮಾಡಿದರು. ಸವರದೆ ಬಿಟ್ಟಿದ್ದ ಗೆಲ್ಲುಗಳೆಲ್ಲ ಕ್ಷೌರ ಕಂಡವು. ಅಳಿಲಿಗೆ ಬೊಬ್ಬೆ ಹಾಕುವ ಸದ್ದು ಆಚೆ ಮನೆಗೂ ಕೇಳುತ್ತಿತ್ತು. ಕೊಕ್ಕೊ ಬಕೆಟು ಕಾರಿನ ಡಿಕ್ಕಿಗೆ ಬಡ್ತಿ ಪಡೆಯಿತು.

ಒಂಬತ್ತನೇ ಕ್ಲಾಸಿಗೆ ಕಾಲಿಡಬೇಕಾಗಿದ್ದ ಮಗಳು ನಾಲ್ಕು ದಿನ ನೋಡಿ, ರಾತ್ರಿ ಊಟಕ್ಕೆ ಕೂತಾಗ ಶುರು ಮಾಡಿದಳು.

“ಅಪ್ಪ, 60 ಇರುವಾಗ ನನ್ನದು, 300 ಆದ ಕೂಡಲೆ ನಿಮ್ಮದಾ?”

“ಗೊಬ್ಬರ ಹಾಕಿದ್ದು ಯಾರು ಪುಟ್ಟಿ?”

“ನೀವು ಹಾಕಿದ್ದು ಅಡಿಕೆಗೆ. ಕೊಕ್ಕೊ ಪಕ್ಕದಲ್ಲಿ ನಿಂತು ತಿಂದದ್ದು.”

ಮಾವನವರಿಗೆ ಮಜ್ಜಿಗೆ ನೆತ್ತಿಗೇರಿತು. ಅವಳು ಬಿಡಲಿಲ್ಲ. ಮೊಬೈಲಿನಲ್ಲಿ ಎಲ್ಲಿಂದಲೋ ಹುಡುಕಿ ಓದಿಟ್ಟದ್ದನ್ನು ಹೊರಗೆ ತೆಗೆದಳು. ಮೆಕ್ಸಿಕೋದಲ್ಲಿ ಕೊಕ್ಕೊ ಬೀಜವೇ ಚಿಲ್ಲರೆ ದುಡ್ಡಾಗಿ ನಡೆಯುತ್ತಿತ್ತು. 1545ರಲ್ಲಿ ತ್ಲಾಸ್ಕಲಾ ಎಂಬ ಊರಲ್ಲಿ ಬರೆದಿಟ್ಟ ಬೆಲೆಪಟ್ಟಿಯೇ ಉಂಟು: ಒಳ್ಳೆಯ ಒಂದು ಹೆಣ್ಣು ಟರ್ಕಿ ಕೋಳಿಗೆ 100 ತುಂಬಿದ ಬೀಜ, ಸೊರಗಿದ್ದಾದರೆ 120, ದೊಡ್ಡ ಟೊಮೆಟೊಗೆ ಒಂದು. ಬೀಜದ ಸಿಪ್ಪೆಯೊಳಗೆ ಮಣ್ಣು ತುಂಬಿ ಖೋಟಾ ಬೀಜ ಚಲಾಯಿಸುವವರೂ ಇದ್ದರು.

“ಅಂದರೆ ಕೊಕ್ಕೊ ಅಂದರೆ ಮೊದಲಿನಿಂದಲೂ ಪಾಕೆಟ್ ಮನಿಯೇ,” ಎಂದಳು.

“ನಿನ್ನ ಮಾವನೂ ಬಕೆಟಿನಡಿಗೆ ನಾರು ತುಂಬಿಸಿ ತೂಕಕ್ಕೆ ಇಡುತ್ತಿದ್ದ,” ಎಂದೆ. ನನ್ನ ಅಣ್ಣನ ವಿದ್ಯೆಗೆ ಇಷ್ಟು ಹಳೆಯ ಪರಂಪರೆ ಇದೆ ಎಂದು ತಿಳಿದು ನನಗೆ ಖುಷಿಯಾಗಿತ್ತು. ಆದರೆ ಆ ಹೊತ್ತಿಗೆ ಯಾರೂ ನಗಲಿಲ್ಲ.

ಕೊನೆಗೆ ಪಂಚಾಯ್ತಿಕೆ ಮಾವನವರದ್ದು. ಅರ್ಧ ಅಪ್ಪನಿಗೆ, ಅರ್ಧ ಮಗಳ ಹೆಸರಿಗೆ, ಪಿಯುಸಿಗೆ ಪುತ್ತೂರಿಗೆ ಹೋಗುವಾಗ ಫೀಸಿಗಾಯಿತು ಎಂದರು. ನಮ್ಮವರು ತಲೆಯಾಡಿಸಿದರು. ಮಗಳು, “ಅಜ್ಜ, ಫೀಸು ಹೇಗಿದ್ದರೂ ಅಪ್ಪ ಕಟ್ಟಬೇಕಾದ್ದಲ್ಲವಾ? ನನ್ನ ಅರ್ಧವೂ ಅವರ ಕಿಸೆಗೇ ಹೋಯಿತಲ್ಲ!” ಎಂದಳು. ಗಣಿತದಲ್ಲಿ ಅವಳಿಗೆ ಬರುವ ಅಂಕ ನೋಡಿದವರು ಈ ಲೆಕ್ಕ ಅವಳದ್ದೆಂದು ನಂಬಲಾರರು. ಮಾವನವರು ಕೈ ತೊಳೆಯಲು ಎದ್ದರು.

ನನಗೆ ಅಜ್ಜನ ಕೊಡಲಿ ನೆನಪಾಯಿತು. ಬೆಲೆ ಇಳಿದಾಗ ಮಕ್ಕಳಿಗೆ, ಏರಿದಾಗ ದೊಡ್ಡವರಿಗೆ. ಈ ಕಾನೂನನ್ನು ಮಾಡಿದ್ದು ಮನೆಯವರಲ್ಲ, ಎಲ್ಲೋ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತು ಗಾನಾದ ಮಳೆಯ ಮೇಲೆ ಬಾಜಿ ಕಟ್ಟುವವರು. ಮಗಳೂ ಅದನ್ನು ಹಿಡಿದಿರಬೇಕು. ಆ ವರ್ಷವಿಡೀ ಶಾಲೆಯಿಂದ ಬಂದು ಚೀಲ ಇಡುವ ಮೊದಲೇ ಮೊಬೈಲಿನಲ್ಲಿ ರೇಟು ನೋಡಿ, “ಅಪ್ಪ, ಇವತ್ತು ಇಳಿದಿದೆ,” ಎಂದು ಖುಷಿಯಿಂದ ಹೇಳುವವಳು ಊರಲ್ಲಿ ಅವಳೊಬ್ಬಳೇ. ಡಿಸೆಂಬರಿನಲ್ಲಿ 12,000 ಡಾಲರನ್ನೂ ದಾಟಿದ್ದು ಮರುವರ್ಷ ಇಳಿಯುತ್ತಾ ಅರ್ಧಕ್ಕೆ ಬಂತು. ಇಲ್ಲಿಯೂ ಇಳಿಯಿತು. ನಮ್ಮವರಿಗೆ ಅಡಿಕೆಗೆ ಮದ್ದು ಬಿಡುವ ಅವಸರ, ಕೊಳೆರೋಗದ ಚಿಂತೆ ಇದ್ದಕ್ಕಿದ್ದ ಹಾಗೆ ಹೆಚ್ಚಾಯಿತು. ಬಕೆಟು ಡಿಕ್ಕಿಯಿಂದ ಇಳಿದು ಬಚ್ಚಲಿನ ಮೂಲೆಗೆ ಬಂತು.

“ಪುಟ್ಟಿ, ತೋಡಿನ ಬದಿಯ ನಿನ್ನ ಕೊಕ್ಕೊ ಹಣ್ಣಾಗಿ ಅಳಿಲಿನ ಪಾಲಾಗ್ತಾ ಉಂಟು,” ಎಂದರು ಒಂದು ಭಾನುವಾರ. ‘ನಿನ್ನ’ ಎಂಬಲ್ಲಿ ಸ್ವಲ್ಪ ಒತ್ತು ಇತ್ತು.

ಈಗ ಅವಳು ಹತ್ತನೇ ಕ್ಲಾಸು. ಬೆಳಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಟ್ಯೂಶನ್ನು. ಬಸ್ಸಿನಲ್ಲೇ ಅರ್ಧ ನಿದ್ದೆ. ಸಮಾಜ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: “ನನಗೆ ಪುರುಸೊತ್ತಿಲ್ಲ. ಚಿಕ್ಕಪ್ಪನ ಮನೆಯ ಆರನೇ ಕ್ಲಾಸಿನವನಿಗೆ ಕೊಟ್ಟಿದ್ದೇನೆ. ಕೊಯ್ದು ಒಡೆದು ಕೊಟ್ಟರೆ ಕಿಲೋಗೆ 20 ಅವನಿಗೆ, ಉಳಿದದ್ದು ನನಗೆ.”

“ಹಾಗಾದರೆ ನನಗೆ?”

ಅವಳು ನೋಟ್‌ಬುಕ್ಕಿನ ಕೊನೆಯ ಪುಟ ಬಿಡಿಸಿದಳು. 2024ರ ಲೆಕ್ಕ, ತಾರೀಕು, ತೂಕ, ರೇಟು ಸಹಿತ ಅಲ್ಲಿತ್ತು.

“ಮೊದಲು ಹಳೆ ಬಾಕಿ ಕೊಡಿ ಅಪ್ಪ. ಮತ್ತೆ ಮಾತಾಡುವ.”

ನಮ್ಮವರು ಮಾವನವರ ಕಡೆ ನೋಡಿದರು. ಮಾವನವರು ಪೇಪರು ಅಡ್ಡ ಹಿಡಿದು, ಈ ವರ್ಷ ಕಾಳುಮೆಣಸಿನ ರೇಟು ಹೇಗುಂಟು ಎಂದು ಗಟ್ಟಿಯಾಗಿ ಓದಲು ಶುರು ಮಾಡಿದರು.