ಯೊಶಿನೊ ಬೆಟ್ಟದ ಹೂವು

ವಸಂತನು ಎಲ್ಲ ದೇಶಗಳಿಗೂ ಬರುವನಾದರೂ ಎಲ್ಲೆಡೆಯೂ ಒಂದೇ ಉಡುಪಿನಿಂದ ಬರುವುದಿಲ್ಲ. ಕನ್ನಡನಾಡಿನಲ್ಲಿ ಹೊಂಗೆಯ ಚಿಗುರನ್ನೂ ಮುತ್ತುಗದ ಕೆಂಪನ್ನೂ ತೊಟ್ಟು ಬರುವ ಅವನು ಜಪಾನು ದೇಶದಲ್ಲಿ 'ಸಕುರಾ' ಎಂಬ ಚೆರಿಯ ಹೂವನ್ನು ಮುಡಿದು ಬರುತ್ತಾನೆ. ಆ ಹೂವಿನ ಆಯುಷ್ಯವಾದರೋ ಬಹು ಸ್ವಲ್ಪ. ಅರಳಿ ತುಂಬಿ ಉದುರುವುದಕ್ಕೆ ಎರಡು ವಾರಗಳು ಸಾಕು; ನಡುವೆ ಮಳೆಗಾಳಿ ಬೀಸಿತೆಂದರೆ ಅಷ್ಟೂ ಇಲ್ಲ. ಆದಕಾರಣ ಅದನ್ನು ನೋಡಹೋಗುವವರು ಸ್ಥಳವನ್ನು ಮಾತ್ರವಲ್ಲದೆ ಕಾಲವನ್ನೂ ಹುಡುಕಬೇಕಾಗುತ್ತದೆ.

ಮಲೆನಾಡಿನ ಒಬ್ಬ ವೃದ್ಧ ಗೃಹಸ್ಥರ ಮಗನು ಒಸಾಕಾ ನಗರದಲ್ಲಿ ಉದ್ಯೋಗದಲ್ಲಿದ್ದನು. ತಾಯಿತಂದೆಗಳು ಹೂವಿನ ಕಾಲಕ್ಕೆ ಬಂದುಹೋಗಬೇಕೆಂದು ಆತನು ಮೂರು ವರ್ಷ ಕರೆದನು. ತಾಯಿಗೆ ಅದರಲ್ಲಿ ಬಲು ಆಸೆ. ಚಳಿಯ ದೇಶವೆಂದು ಒಂದು ಉಣ್ಣೆಯ ಶಾಲನ್ನೂ ಕೊಂಡಿಟ್ಟುಕೊಂಡಿದ್ದರು. ಆದರೆ ಯಜಮಾನರಿಗೆ ಒಂದು ವರ್ಷ ತೋಟದ ಕೆಲಸ, ಮತ್ತೊಂದು ವರ್ಷ ಮನೆಯ ಮಾಡಿನ ರಿಪೇರಿ. "ಮುಂದಿನ ವರ್ಷ ನೋಡೋಣ" ಎಂಬುದೇ ಪ್ರತಿ ಸಲದ ಉತ್ತರ. ಮೂರನೆಯ ವರ್ಷದ ಮಳೆಗಾಲದಲ್ಲಿ ಆ ತಾಯಿ ತೀರಿಕೊಂಡರು. ವರ್ಷಾಂತಿಕವು ಕಳೆದ ಮೇಲೆ ವೃದ್ಧರು ಒಬ್ಬರೇ ಹೊರಟರು. ಪೆಟ್ಟಿಗೆಯಲ್ಲಿ ಶಾಲು ಇತ್ತು.

ಅವರು ಒಸಾಕಾ ಸೇರಿದಾಗ ಏಪ್ರಿಲ್ ತಿಂಗಳ ಎರಡನೆಯ ವಾರ. "ಅಪ್ಪಯ್ಯ, ಈ ಸಲ ಇಲ್ಲಿ ಹೂವು ಮುಗಿದುಹೋಯಿತು" ಎಂದನು ಮಗ. ಕೋಟೆಯ ಸುತ್ತಣ ಮರಗಳು ಹಸುರಾಗಿದ್ದವು. ಬಯಲುಸೀಮೆಯ ನಗರಗಳಲ್ಲಿ ನೆಟ್ಟಿರುವ ಮರಗಳು ಬಹುಮಟ್ಟಿಗೆ 'ಸೊಮೆಯ್ ಯೊಶಿನೊ' ಎಂಬ ಒಂದೇ ಜಾತಿಯವು. ಕಸಿಯಿಂದಲೇ ಬೆಳೆಸಲ್ಪಟ್ಟು, ಒಂದೇ ಮರದ ಪ್ರತಿರೂಪಗಳಂತಿರುವುವು. ಆದಕಾರಣ ಒಂದೂರಿನಲ್ಲಿ ಎಲ್ಲವೂ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಅಲ್ಲಿಯ ಹವಾಮಾನ ಇಲಾಖೆಯವರು ಗೊತ್ತುಮಾಡಿದ ಮರದಲ್ಲಿ ಐದಾರು ಹೂಗಳು ಬಿರಿದೊಡನೆ 'ಅರಳಿತು' ಎಂದು ಸಾರುತ್ತಾರೆ. ಕ್ಯೋಟೊ ನಗರದಲ್ಲಿ ಒಂಬತ್ತನೆಯ ಶತಮಾನದಿಂದ ಹೂವಿನ ಕಾಲದ ದಾಖಲೆಗಳು ದೊರೆಯುತ್ತವೆ. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿಬಂದಿತು. ಅದಕ್ಕೆ ಹಿಂದಿನ 1200 ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ತುಂಬಿದುದು ಎಲ್ಲಿಯೂ ಇರಲಿಲ್ಲ. ಭೂಮಿಯ ಶಾಖವು ಏರಿದಂತೆ ಹೂವು ಮುಂದಾಗುತ್ತಿದೆ. ಮನುಷ್ಯನ ಸಾವಕಾಶ ಮಾತ್ರ ಹಿಂದಿನಂತೆಯೇ ಇದೆ.

ತಡವಾಗಿ ಬಂದವರಿಗೂ ಗತಿಯುಂಟು. ಒಸಾಕಾದ ಟಂಕಸಾಲೆಯ ತೋಟದಲ್ಲಿ ದಳ ಹೆಚ್ಚಿದ, ತಡವಾಗಿ ಅರಳುವ ಜಾತಿಗಳಿವೆ. 1883ರಿಂದ ಅದನ್ನು ಏಪ್ರಿಲ್ ನಡುವಿನಲ್ಲಿ ಸುಮಾರು ಒಂದು ವಾರ ಜನರಿಗೆ ತೆರೆದಿಡುವ ಪದ್ಧತಿ. ಕ್ಯೋಟೊದ ನಿನ್ನಾಜಿ ದೇವಾಲಯದ ಗಿಡ್ಡ ಮರಗಳೂ ತಡವಾಗಿಯೇ ಹೂಬಿಡುವುವು. ಮುದುಕರು ಕತ್ತೆತ್ತದೆಯೇ ನೋಡಬಹುದು. ಇವುಗಳಿಗಿಂತಲೂ ಹಳಮೆಯುಳ್ಳ ಸ್ಥಳವು ನಾರಾ ಪ್ರಾಂತದ ಯೊಶಿನೊ ಬೆಟ್ಟ. ಎನ್ ನೊ ಗ್ಯೋಜ ಎಂಬ ತಪಸ್ವಿಯು ಝಾವೊ ಗೊಂಗೆನ್ ದೇವತೆಯ ರೂಪವನ್ನು ಚೆರಿಯ ಮರದಲ್ಲಿ ಕೆತ್ತಿದನೆಂದು ಐತಿಹ್ಯ. ಅಂದಿನಿಂದ ಆ ಮರ ಪವಿತ್ರವಾಗಿ, ಯಾತ್ರಿಕರು ಸಸಿಗಳನ್ನು ಹರಕೆಯಾಗಿ ನೆಡುತ್ತ ಬಂದರು; ಈಗ ಅಲ್ಲಿ ಸುಮಾರು 30,000 ಮರಗಳಿವೆಯೆಂದು ಹೇಳುತ್ತಾರೆ. ಅವು ಹೆಚ್ಚಾಗಿ ಕಾಡುಚೆರಿಗಳು. ಹೂವಿನೊಡನೆಯೇ ಕೆಂಚು ತಳಿರನ್ನೂ ಬಿಡುವುವು. ಬೆಟ್ಟದಲ್ಲಿ ಕೆಳಗಿನ, ನಡುವಿನ, ಮೇಲಿನ, ಒಳಗಿನ 'ಸಾವಿರ ಮರಗಳು' ಎಂದು ನಾಲ್ಕು ನೆಲೆಗಳು. ಹೂವು ಬುಡದಿಂದ ಹೊರಟು ದಿನದಿನಕ್ಕೆ ಮೇಲೇರುತ್ತ ಹೋಗುತ್ತದೆ.

ಮರುದಿನ ತಂದೆಮಕ್ಕಳು ರೈಲಿನಲ್ಲಿ ಅಲ್ಲಿಗೆ ಹೋದರು. ವೃದ್ಧರಿಗೆ ಮಂಡಿನೋವು, ಆದುದರಿಂದ ಬಸ್ಸಿನಲ್ಲಿ ಮೇಲಕ್ಕೆ ಹೋಗಿ ಮೆಲ್ಲಗೆ ಇಳಿದುಬರುವುದೆಂದು ನಿಶ್ಚಯವಾಯಿತು. ಒಳಗಿನ ನೆಲೆಯಲ್ಲಿ ಮೊಗ್ಗುಗಳು ಇನ್ನೂ ಬಿಗಿದಿದ್ದವು. ಹನ್ನೆರಡನೆಯ ಶತಮಾನದ ಸನ್ಯಾಸಿಕವಿ ಸೈಗ್ಯೊ ಗುಡಿಸಲು ಕಟ್ಟಿಕೊಂಡಿದ್ದನೆಂಬುದು ಆ ಭಾಗದಲ್ಲಿಯೇ. ಮೇಲಿನ ನೆಲೆಗೆ ಇಳಿದರೆ ಮರಮರವೂ ತುಂಬಿತ್ತು. ಹನಯಗುರಾ ಎಂಬಲ್ಲಿ ನಿಂತು ನೋಡಿದಾಗ ಕಣಿವೆಯ ಆಚೆ ಝಾವೊ ದೇವತೆಯ ಮಂದಿರದ ಮಾಡು ಕಾಣಿಸಿತು. ಅದರ ಕೆಳಗಿನ ಇಳಿಜಾರೆಲ್ಲ ಆಗಲೇ ಹಸುರು. ಮೊಗ್ಗು, ಹೂವು, ಉದುರು, ಮೂರೂ ಒಂದೇ ಬೆಟ್ಟದಲ್ಲಿ, ಒಂದೇ ಹಗಲಿನಲ್ಲಿ.

ವೃದ್ಧರು ಒಂದು ಮರದ ಕೆಳಗೆ ಕುಳಿತು ಶಾಲನ್ನು ಪಕ್ಕದಲ್ಲಿ ಬಿಡಿಸಿಟ್ಟರು. ಮಗನು ಏನೂ ಕೇಳಲಿಲ್ಲ. ಎಸಳುಗಳು ಒಂದೆರಡು ಬಿದ್ದವು. ಆಮೇಲೆ ಗಾಳಿ ಬಂದು ಹತ್ತಾರು ಬಿದ್ದವು. ಬಹಳ ಹೊತ್ತಿನ ಮೇಲೆ, "ಅವಳು ಕೇಳಿದಾಗ ಬರಬಹುದಾಗಿತ್ತು. ತೋಟ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ" ಎಂದರು. ಮಗನಿಗೆ ಹೇಳುವುದಕ್ಕೆ ಮಾತಿರಲಿಲ್ಲ.

ಎಸಳುಗಳನ್ನು ಕೊಡವದೆ ಶಾಲನ್ನು ಮಡಿಸಿಕೊಂಡು ವೃದ್ಧರು ಎದ್ದರು. ಊರಿನಲ್ಲಿ ಅವರಿಗಿಂತ ಹಿರಿಯಳಾದ ಅಕ್ಕ ಒಬ್ಬಳಿದ್ದಳು. ಗೋಕರ್ಣಕ್ಕೆ ಕರೆದುಕೊಂಡು ಹೋಗೆಂದು ಆಕೆ ಬಹುಕಾಲದಿಂದ ಕೇಳುತ್ತಿದ್ದಳು. ಇಳಿಯುವ ದಾರಿಯಲ್ಲಿಯೇ ಮಗನ ಕೈಯಿಂದ ದೂರವಾಣಿಯನ್ನು ಇಸಿದುಕೊಂಡು, "ಅಕ್ಕಯ್ಯ, ನಾನು ಬಂದ ಮರುವಾರವೇ ಗೋಕರ್ಣಕ್ಕೆ ಹೊರಡೋಣ" ಎಂದರು. ಅತ್ತ ಕಡೆಯಿಂದ, "ಈಗ ಸೆಕೆಯಲ್ಲವೇನೋ, ಮಳೆಗಾಲ ಕಳೆಯಲಿ" ಎಂಬ ಉತ್ತರ ಬಂದಿತು.

"ಸೆಕೆಯಾದರೂ ಆಗಲಿ, ಹೋಗೋಣ" ಎಂದು ವೃದ್ಧರು ಹೇಳಿದರು.